ಗೆರೆಯಣ್ಣ ಕಣ್ಣು ಬರೆಯಲು ಕಲಿತದ್ದು

ಸ್ಕೇಲು ಹಿಡಿಯದೆ, ದಾರ ಕಟ್ಟದೆ, ಹತ್ತಡಿ ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ನೇರ ಗೆರೆ ಎಳೆಯುತ್ತಾನೆಂದು ಅವನಿಗೆ ಗೆರೆಯಣ್ಣ ಎಂಬ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಹೆಂಡತಿ ಕೂಡ ಜಗಳದ ಹೊತ್ತಿನಲ್ಲಿ, "ನೀವು ಹಾಕಿದ ಗೆರೆ ದಾಟೋಕಾಗುತ್ತಾ ನಮ್ಮ ಕೈಲಿ?" ಎಂದು ಹಂಗಿಸುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ. ಆಗ ಅವನಿಗೆ ನಗು ಸುಲಭವಾಗಿ ಬರುತ್ತಿತ್ತು.

ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಕ್ಕನೇ ತಲೆ ಬಾಚಿ, ಸ್ಕೂಲಿಗೆ ಕಳಿಸಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೆಳೆಸಿದವಳು. ಅಕ್ಕ ಮದುವೆಯಾಗಿ ಹೋಗುವಾಗ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದಳು. ಭಾವ ಒಳ್ಳೆಯ ಮಾತುಗಾರ. ಕಲ್ಲನ್ನೂ ಮಾತಾಡಿಸಿ ಆರ್ಡರು ತರಬಲ್ಲ ಮನುಷ್ಯ. ಹದಿನಾರನೇ ವರ್ಷಕ್ಕೆ ಇವನ ಕೈಗೆ ಕುಂಚ ಕೊಟ್ಟವನು ಅವನೇ. ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ಭಾವನ ಬಾಯಿ, ಇವನ ಕೈ ಸೇರಿ ಭಾವನ ಬೋರ್ಡಿನ ಅಂಗಡಿ ನಡೆಯಿತು. ಊರಿನ ಅರ್ಧಕ್ಕರ್ಧ ಬೋರ್ಡುಗಳು ಗೆರೆಯಣ್ಣನವೇ. ಔಷಧಿ ಅಂಗಡಿಗೆ ನೆಟ್ಟಗೆ ನಿಂತ ತೆಳ್ಳನೆಯ ಅಕ್ಷರ, ಬೇಕರಿಗೆ ಉಬ್ಬಿದ ಹೊಟ್ಟೆಯ ಅಕ್ಷರ, ವಕೀಲರಿಗೆ ಸೊಂಟ ಬಗ್ಗಿಸದ ಅಕ್ಷರ. ಹೀಗೆ ಆರು ಬಗೆಯ ಅಕ್ಷರಮಾಲೆಗಳನ್ನು ಅವನೇ ಕಟ್ಟಿಕೊಂಡಿದ್ದ. ಅಂಗೈ ಅಗಲದ ಒಂದೊಂದು ಅಕ್ಷರವನ್ನೂ ದಪ್ಪ ಹಾಳೆಯ ಮೇಲೆ ಬರೆದು, ತಿದ್ದಿ, ಮತ್ತೆ ಬರೆದು, ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದ. ಅವನ ಬಾಡಿಗೆ ಮನೆಯ ಗೋಡೆಗಳು ಯಾವಾಗಲೂ ತೇವ. ಹಾಗಾಗಿ ಪೆಟ್ಟಿಗೆ ಅಕ್ಕನ ಮನೆಯಲ್ಲಿ, ಅವಳ ಮಂಚದ ಕೆಳಗೆ ಇತ್ತು. ಬೀಗದ ಕೈ ಅವಳ ಹತ್ತಿರವೇ. ಅಕ್ಕನ ಮಂಚದ ಕೆಳಗಿಂತ ಭದ್ರವಾದ ಜಾಗ ಲೋಕದಲ್ಲಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಭಾವ ಮಾತ್ರ, "ಕೈಬರಹಕ್ಕೆ ಬೆಲೆ ಇದ್ದೇ ಇರುತ್ತೆ ಕಣೋ, ನೀನು ತಲೆ ಕೆಡಿಸ್ಕೋಬೇಡ" ಎನ್ನುತ್ತಿದ್ದ. ಗೆರೆಯಣ್ಣ ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಬಣ್ಣದ ಅಂಗಡಿಗೆಂದು ಹೊರಟವನು ರಸ್ತೆಯ ತಿರುವಿನಲ್ಲಿ ನಿಂತುಬಿಟ್ಟ. ಹೊಸದಾಗಿ ತೆರೆದ ಚಪ್ಪಲಿ ಅಂಗಡಿಯ ಮೇಲೆ ಮಿರಮಿರ ಮಿಂಚುವ ಬೋರ್ಡು. ಮೊದಲು ಅನ್ನಿಸಿದ್ದು, ಇದನ್ನು ನಾನು ಯಾವಾಗ ಬರೆದೆ ಎಂದು. ಬೇಕರಿಗೆಂದು ಅವನು ಕಟ್ಟಿದ ಹೊಟ್ಟೆ ಅಕ್ಷರಗಳೇ ಅವು. ಹತ್ತಿರ ಹೋದ. ಕುಂಚದ ಗುರುತಿಲ್ಲ, ಬಣ್ಣದ ವಾಸನೆಯಿಲ್ಲ, ಮುಟ್ಟಿದರೆ ಪ್ಲಾಸ್ಟಿಕ್ಕು. ಯಾರೋ ನಕಲು ಮಾಡಿರಬಹುದೆಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಕೊನೆಯ ಅಕ್ಷರದ ಬಾಲ ಕಣ್ಣಿಗೆ ಬಿತ್ತು. ಆ ಬಾಲ ತುದಿಯಲ್ಲಿ ಚೂರು ಮೇಲಕ್ಕೆ ಚಿಮ್ಮಿತ್ತು. ವರ್ಷಗಳ ಹಿಂದೆ ಅಕ್ಕನ ಮಗಳು ಓಡಿಬಂದು ಅವನ ಮೊಣಕೈಗೆ ತಗುಲಿ ಆದ ತಪ್ಪು ಅದು. ನೋಡಲು ಚೆನ್ನಾಗಿದೆಯೆಂದು ಹಾಳೆಯಲ್ಲಿ ಹಾಗೇ ಉಳಿಸಿಕೊಂಡಿದ್ದ. ಗೋಡೆಯ ಮೇಲೆ ಬರೆಯುವಾಗ ಒಮ್ಮೆಯೂ ಹಾಗೆ ಬರೆದಿರಲಿಲ್ಲ. ಆ ತಪ್ಪು ಇದ್ದದ್ದು ಪೆಟ್ಟಿಗೆಯೊಳಗೆ ಮಾತ್ರ.

"ಈ ಬೋರ್ಡು ಯಾರ ಹತ್ರ ಮಾಡಿಸಿದ್ರಿ?" ಎಂದು ಕೇಳಿದ.

ಚಪ್ಪಲಿ ಅಂಗಡಿಯವನು ಬೆರಗಾಗಿ ನೋಡಿದ. "ಇದೇನ್ ಸ್ವಾಮಿ ತಮಾಷೆ? ನಿಮ್ಮ ಭಾವನ ಹೊಸ ಅಂಗಡೀಲೇ. ಹಿಂದಿನ ಬೀದೀಲಿ ಮಿಷನ್ ಹಾಕಿ ಮೂರು ತಿಂಗಳಾಯ್ತಲ್ಲ, ನಿಮಗೇ ಗೊತ್ತಿಲ್ವಾ?"

ಹಿಂದಿನ ಬೀದಿಗೆ ಐದು ನಿಮಿಷದ ದಾರಿ. ಅಲ್ಲಿಗೆ ಹೇಗೆ ತಲುಪಿದೆನೆಂದು ಅವನಿಗೆ ಆಮೇಲೂ ನೆನಪಾಗಲಿಲ್ಲ. ತಂಪು ಗಾಳಿಯ ಕೋಣೆ, ಮಂಚದಷ್ಟು ಉದ್ದದ ಮಿಷನ್ನು, ಕಂಪ್ಯೂಟರಿನ ಮುಂದೆ ಒಬ್ಬಳು ಹುಡುಗಿ. ಅವಳ ಪರದೆಯ ಮೇಲೆ ಅವನ ಆರೂ ಅಕ್ಷರಮಾಲೆಗಳು ಸಾಲಾಗಿ ನಿಂತಿದ್ದವು. ಅವಳು ಕೀಲಿ ಒತ್ತಿದರೆ ಒಂದೊಂದೇ ಎದ್ದು ಬಂದು ಹೇಳಿದ ಜಾಗದಲ್ಲಿ ಕೂರುತ್ತಿದ್ದವು. ಭಾವ ಟೀ ಕುಡಿಯುತ್ತಿದ್ದ. ಲೋಟ ಕೆಳಗಿಡಲೂ ಇಲ್ಲ.

"ಬಾ ಬಾ. ನಾನೇ ಹೇಳೋಣ ಅಂತಿದ್ದೆ."

"ಯಾವಾಗ?"

"ಎಲ್ಲಾ ಒಂದು ದಡ ಮುಟ್ಟಲಿ ಅಂತ. ನೀನು ಸುಮ್ನೆ ಬೇಜಾರು ಮಾಡ್ಕೋತೀಯ ಅಂತ ಗೊತ್ತಿತ್ತು. ನೋಡು, ಕೌಂಟರಿನಲ್ಲಿ ಕೂತ್ಕೋ. ಆರ್ಡರು ಬರ್ಕೊಳ್ಳೋಕೆ ಮನೆಯವರೇ ಒಬ್ಬರು ಬೇಕು."

ಗೆರೆಯಣ್ಣ ಪರದೆಯ ಕಡೆ ಕೈ ತೋರಿಸಿದ. "ನನ್ನ ಹಾಳೆ ಭಾವ," ಎಂದಷ್ಟೇ ಹೇಳಿದ.

"ಹಾಳೆ ಎಲ್ಲಿ ಹೋಗುತ್ತೆ? ಭದ್ರವಾಗಿದೆ," ಎಂದ ಭಾವ.

ಅವನು ತಿರುಗಿ ಬಂದ. ಅಕ್ಕನಿಗೆ ಇದು ಗೊತ್ತಾದರೆ ಗಂಡನಿಗೆ ಚಳಿ ಬಿಡಿಸುತ್ತಾಳೆ ಎಂದುಕೊಂಡ; ಪಾಪ, ಅವಳಿಗೆ ತಿಳಿಯದ ಹಾಗೆ ಬೀಗದ ಕೈ ಎತ್ತಿರಬೇಕು. ಗಂಡ ಹೆಂಡಿರ ನಡುವೆ ಬೆಂಕಿ ಹಚ್ಚುವುದು ಬೇಡವೆಂದು ಅವಳ ಮುಂದೆ ಆ ಮಾತೇ ತೆಗೆಯಲಿಲ್ಲ. ಹಳೆಯ ಅಂಗಡಿಯಲ್ಲಿದ್ದ ತನ್ನ ಕುಂಚಗಳನ್ನು ಚೀಲಕ್ಕೆ ಹಾಕಿಕೊಂಡು ಬೀದಿಗೆ ಬಂದ. ಆಗ ಅವನಿಗೆ ನಲವತ್ತಮೂರು.

ಒಂದು ವರ್ಷ ಸಿಕ್ಕಿದ್ದೆಲ್ಲ ಮಾಡಿದ. ಗೇಟುಗಳಿಗೆ ಮನೆ ನಂಬರು, ಲಾರಿಗಳ ಹಿಂಬದಿ, ಶಾಲೆಯ ಕಾಂಪೌಂಡಿನ ಮೇಲೆ ಮಗ್ಗಿ. ಒಮ್ಮೆ ಕಣ್ಣಾಸ್ಪತ್ರೆಯೊಂದರಲ್ಲಿ ಗೋಡೆಗಳ ಮೇಲೆ ಬಾಣದ ಗುರುತು ಬರೆಯುವ ಕೆಲಸ ಸಿಕ್ಕಿತು. ಕಣ್ಣು ಮಂಜಾದವರಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆಯಬೇಕಿತ್ತು. ಮೂರನೇ ದಿನ ನೆಲಮಹಡಿಯ ಕಾರಿಡಾರಿನಲ್ಲಿ ಏಣಿ ಹತ್ತಿ ನಿಂತಿದ್ದಾಗ ಎದುರಿನ ಕೋಣೆಯಿಂದ ಒಂದು ದನಿ ಬಂತು.

"ಬಣ್ಣದವರೇ, ಒಂದ್ನಿಮಿಷ ಬನ್ನಿ ಇಲ್ಲಿ."

ಒಳಗೆ ಅರವತ್ತು ದಾಟಿದ ಹೆಂಗಸೊಬ್ಬರು ಕಿಟಕಿಯ ಬೆಳಕಿಗೆ ಕೂತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮೇಡಂ ಎಂದು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವವರು. ಅವರ ಮುಂದೆ ಒಬ್ಬ ಮುದುಕ. ಒಂದು ಕಣ್ಣು ಅವನದು, ಇನ್ನೊಂದರ ಜಾಗ ಖಾಲಿ. ಮೇಡಂ ಕೈಯಲ್ಲಿ ಗುಂಡಿಯಷ್ಟು ದೊಡ್ಡ ಕಪ್ಪು ಬಿಲ್ಲೆ, ಅದರ ಮೇಲೆ ಅರ್ಧ ಬರೆದ ಕಣ್ಣಿನ ಬಣ್ಣದ ವೃತ್ತ.

"ಇವರ ಕಣ್ಣಿನ ಬಣ್ಣ ಏನು ಹೇಳಿ ನೋಡೋಣ."

ಗೆರೆಯಣ್ಣ ಬಗ್ಗಿ ನೋಡಿದ. "ಕಂದು ಅಂತಾರೆ. ಆದ್ರೆ ಅಂಚಲ್ಲಿ ಒಂಚೂರು ಹಸಿರಿದೆ ಮೇಡಂ, ಹಳೇ ಸೀಸೆ ತಳದ ಥರ. ಒಳಗಡೆ, ಕಪ್ಪು ಶುರುವಾಗೋ ಹತ್ರ, ತುಕ್ಕಿನ ಬಣ್ಣ. ಸುತ್ತಲೂ ಬೂದಿ ಬಣ್ಣದ ಉಂಗುರ. ಅದು ವಯಸ್ಸಿಂದ ಬಂದಿದ್ದು ಅನ್ಸುತ್ತೆ."

ಮೇಡಂ ಕುಂಚ ಕೆಳಗಿಟ್ಟರು. ಅವರ ಬೆರಳುಗಳು ಸಣ್ಣಗೆ ನಡುಗುತ್ತಿದ್ದುದನ್ನು ಅವನು ಆಗ ಕಂಡ.

"ಆ ಬಾಣ ಯಾರು ಬೇಕಾದ್ರೂ ಬರೀತಾರೆ. ಈ ಕೆಲಸ ಕಲೀತೀರಾ?"

ಅವನು ನಕ್ಕ. ಅವರು ನಗಲಿಲ್ಲ.

ಎರಡು ವರ್ಷದ ತರಬೇತಿ. ಜೊತೆಗಿದ್ದವರು ಇವನಿಗಿಂತ ಅರ್ಧ ವಯಸ್ಸಿನವರು. ಮೊದಲ ವಾರ ಅವನನ್ನು ಯಾರದೋ ಅಪ್ಪ ಎಂದುಕೊಂಡು ಹೊರಗೆ ಕಾಯಲು ಹೇಳಿದ್ದರು. ಕಣ್ಣಿನ ಗೂಡಿನ ಮೂಳೆಗಳ ಹೆಸರು ಬಾಯಿಪಾಠ ಮಾಡುವುದರಲ್ಲಿ ಹೈರಾಣಾದ. ಹೆಂಡತಿ ತರಕಾರಿ ಹೆಚ್ಚುತ್ತಾ ಪುಸ್ತಕ ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಕೊನೆಕೊನೆಗೆ ಅವಳಿಗೇ ಎಲ್ಲ ಬಾಯಿಗೆ ಬಂತು; ಅವನು ತಡವರಿಸಿದರೆ, "ಪರೀಕ್ಷೆಗೆ ನಾನೇ ಹೋಗಿ ಬರ್ಲಾ?" ಎನ್ನುತ್ತಿದ್ದಳು. ಖಾಲಿ ಗೂಡಿನ ಅಚ್ಚು ತೆಗೆಯುವುದು, ಮೇಣದಲ್ಲಿ ಆಕಾರ ತಿದ್ದುವುದು, ಬಿಳಿಯ ಅಕ್ರಿಲಿಕ್ಕನ್ನು ಕುದಿಯುವ ನೀರಿನಲ್ಲಿ ಗಟ್ಟಿ ಮಾಡುವುದು, ಇವೆಲ್ಲ ಕೈಗೆ ಬೇಗ ಹತ್ತಿದವು. ಬರೆಯುವುದು ಮಾತ್ರ ಹತ್ತಲಿಲ್ಲ. ಬರೆಯುವುದೊಂದೇ ತನಗೆ ಬರುವುದೆಂದು ನಂಬಿದ್ದವನಿಗೆ ಅದು ದೊಡ್ಡ ಪೆಟ್ಟು.

ಅವನು ಬರೆದ ಮೊದಲ ಕಣ್ಣನ್ನು ಮೇಡಂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದು ಬೋರ್ಡು."

"ಅಂದ್ರೆ?"

"ರಸ್ತೆ ಆಚೆಯಿಂದ ಕಾಣ್ಬೇಕು ಅಂತ ಬರ್ದಿದ್ದೀರ. ಕಣ್ಣನ್ನ ಯಾರೂ ರಸ್ತೆ ಆಚೆಯಿಂದ ನೋಡಲ್ಲ. ಹೆಂಡ್ತಿ ನೋಡ್ತಾಳೆ, ಮಗು ನೋಡುತ್ತೆ, ಇಷ್ಟು ಹತ್ರದಿಂದ. ಒಂದು ಗೆರೇನೂ ನೆಟ್ಟಗಿರ್ಬಾರ್ದು ಇದ್ರಲ್ಲಿ."

ಇಪ್ಪತ್ತೇಳು ವರ್ಷ ನೆಟ್ಟಗೆ ಎಳೆದ ಕೈ. ಅದನ್ನು ಬಗ್ಗಿಸಲು ಒಂದೂವರೆ ವರ್ಷ ಹಿಡಿಯಿತು. ಕೆಂಪು ರೇಷ್ಮೆಯ ಎಳೆಯನ್ನು ಸೂಜಿಯಿಂದ ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ, ಬಿಳಿಯ ಭಾಗದ ಮೇಲೆ ನರಗಳ ಹಾಗೆ ಹರಡುವುದನ್ನು ಕಲಿತ. ಬಣ್ಣದ ಮೇಲೆ ಒಂದು ಹನಿ ನೀರು ಬಿಟ್ಟು ನೋಡುವುದನ್ನು ಕಲಿತ; ಮೇಲಿನ ಪಾರದರ್ಶಕ ಪದರ ಕೂತ ಮೇಲೆ ಬಣ್ಣ ಎಷ್ಟು ಗಾಢವಾಗುತ್ತದೆಂದು ಆ ಹನಿ ಹೇಳುತ್ತಿತ್ತು. ಮೇಡಂ ಯಾವುದನ್ನೂ ಮುಚ್ಚಿಡಲಿಲ್ಲ. ಮೂವತ್ತು ವರ್ಷ ಬರೆದಿಟ್ಟ ಬಣ್ಣದ ಪುಸ್ತಕಗಳನ್ನು, ಯಾವ ಕಣ್ಣಿಗೆ ಯಾವುದರಲ್ಲಿ ಯಾವುದನ್ನು ಎಷ್ಟು ಬೆರೆಸಿದೆ ಎಂಬ ಲೆಕ್ಕವನ್ನೆಲ್ಲ, ಒಂದು ಬೆಳಿಗ್ಗೆ ಚೀಲದಲ್ಲಿ ತಂದು ಅವನ ಮೇಜಿನ ಮೇಲಿಟ್ಟು, "ಓದ್ಕೊಳ್ಳಿ" ಎಂದು ಹೋದರು.

ಅವನ ಹೆಸರು ಹರಡಿದ್ದು ಟಿಕೆಟ್ ಕೌಂಟರಿನ ಹೆಂಗಸೊಬ್ಬಳಿಂದ. ಆರು ವರ್ಷ ಅವಳು ಗಾಜಿನ ಹಿಂದೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡೇ ಟಿಕೆಟ್ ಕೊಟ್ಟಿದ್ದಳು. ಕತ್ತು ಹಾಗೇ ಸೆಟೆದು ನಿಂತಿತ್ತು. ಗೆರೆಯಣ್ಣ ನಾಲ್ಕು ದಿನ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಉಳಿದ ಕಣ್ಣನ್ನು ನೋಡಿ ನೋಡಿ ಬರೆದ. ಕಣ್ಣು ಹಾಕಿಕೊಂಡು ಹೋದವಳು ವಾರ ಕಳೆದು ಸಿಡುಕುತ್ತಾ ಬಂದಳು. "ಜನ ಈಗ ನನ್ನ ಮುಖಾನೇ ನೋಡ್ಕೊಂಡು ಮಾತಾಡ್ತಾರೆ. ನಾನು ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಅವನು, ಅಳುವಾಗ ಎರಡು ಕಡೆಯ ರೆಪ್ಪೆಯೂ ಸರಿಯಾಗಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸಿದ. ಮುಚ್ಚುತ್ತಿತ್ತು.

ಆರು ವರ್ಷ ಕಳೆಯಿತು. ಮೇಡಂ ನಿವೃತ್ತರಾದರು, ಆ ಕೋಣೆಗೆ ಅವನೇ ಮುಖ್ಯಸ್ಥನಾದ. ದೂರದೂರದಿಂದ ಜನ ಬಂದು ಅವನ ಬಳಿ ತಮ್ಮ ಸರದಿಗಾಗಿ ಕಾಯತೊಡಗಿದರು. ಪತ್ರಿಕೆಯೊಂದು ಅರ್ಧ ಪುಟ ಬರೆಯಿತು. ಅಂಗಡಿ ಬೋರ್ಡಿನಿಂದ ಕಣ್ಣಿಗೆ ಹಾರಿದವನು ಎಂದೆಲ್ಲ ಹೊಗಳಿ ಬರೆದಿದ್ದರು. ಹೆಂಡತಿ ಅದನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದಳು. ಕೊನೆಯ ಪ್ಯಾರಾಕ್ಕೆ ಬಂದಾಗ ಅವಳ ಮುಖ ಬದಲಾಯಿತು. ವರದಿಗಾರ ಭಾವನನ್ನೂ ಮಾತಾಡಿಸಿದ್ದ. "ಅವನ ಕೈಯಲ್ಲಿ ದೊಡ್ಡದೇನೋ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ನಾನೇ ಧೈರ್ಯ ಹೇಳಿ ಅಂಗಡಿಯಿಂದ ಹೊರಗೆ ಕಳಿಸಿದೆ. ಇಲ್ಲೇ ಇದ್ದಿದ್ದರೆ ಬಾವಿ ಕಪ್ಪೆ ಆಗಿರುತ್ತಿದ್ದ," ಎಂದು ಭಾವ ಹೇಳಿದ್ದ.

ಮರುದಿನ ಸಹೋದ್ಯೋಗಿಯೊಬ್ಬ ಬಂದು, "ಸಾರ್, ನಿಮ್ಮ ಭಾವನ ಅಂಗಡಿ ಮೇಲೆ ನಿಮ್ಮ ಫೋಟೋ ಇಷ್ಟು ದೊಡ್ಡದಾಗಿ ಹಾಕಿದ್ದಾರೆ," ಎಂದು ಎರಡೂ ಕೈ ಚಾಚಿ ತೋರಿಸಿದ. ಸಂಜೆ ಗೆರೆಯಣ್ಣ ಹಿಂದಿನ ಬೀದಿಗೆ ಹೋದ. ಭಾವನ ಅಂಗಡಿ ಈಗ ಎರಡಂತಸ್ತು, ಮೇಲೆ ಮನೆ. ಮುಂಬಾಗಿಲಿನ ಮೇಲೆ ಅಡ್ಡಲಾಗಿ ಒಂದು ಫ್ಲೆಕ್ಸು. ಪತ್ರಿಕೆಯ ಪುಟವನ್ನು ಹಿಗ್ಗಿಸಿ ಹಾಕಿ, ಮೇಲೆ "ನಮ್ಮ ಮನೆಯ ಹೆಮ್ಮೆ" ಎಂದು ಬರೆಸಿದ್ದರು. ಬರೆದದ್ದು ಅವನದೇ ಅಕ್ಷರಗಳಲ್ಲಿ.

ಅವನಿಗೆ ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತು ಬಾಗಿಲಲ್ಲೇ ಹೊರಬಿತ್ತು.

"ಇಳಿಸಿ ಅದನ್ನ."

"ಯಾಕೋ? ಖರ್ಚು ಮಾಡಿ ಹಾಕ್ಸಿದೀನಿ. ಊರಿಗೆಲ್ಲ ಗೊತ್ತಾಗಲಿ ಅಂತ."

"ಏನು ಗೊತ್ತಾಗಲಿ? ನನ್ನ ಪೆಟ್ಟಿಗೆ ಬೀಗ ತೆಗೆದು ಕದ್ದು ಮಿಷನ್ನಿಗೆ ಹಾಕಿದ್ರಲ್ಲ, ಅದೂ ಗೊತ್ತಾಗಲಿ ಅಂತಾನಾ?"

ಭಾವನ ನಗು ಆರಿತು. ಕಂಪ್ಯೂಟರಿನ ಮುಂದೆ ಕೂತಿದ್ದವರು ತಲೆ ತಗ್ಗಿಸಿದರು. "ಕದ್ದೆ ಅನ್ಬೇಡ. ನಾನು ಯಾವ ಬೀಗಾನೂ ತೆಗ್ದಿಲ್ಲ. ಹಾಳೆಗಳನ್ನ ತಂದು ನನ್ನ ಕೈಗೆ ಕೊಟ್ಟಿದ್ದು ನಿಮ್ಮಕ್ಕ. ಮೇಲೆ ಇದಾಳೆ, ಹೋಗಿ ಕೇಳು. ಕದ್ದೆ ಅಂತೆ!"

ಮೆಟ್ಟಿಲು ಹತ್ತುವಾಗ ಅದು ಸುಳ್ಳೆಂದೇ ಅವನು ನಂಬಿದ್ದ. ಅಕ್ಕ ಅಡುಗೆಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಮ್ಮನ ಮುಖ ನೋಡುತ್ತಲೇ ಕೈ ನಿಲ್ಲಿಸಿದಳು. ಕೆಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಭಾವ ಏನೋ ಹೇಳ್ತಿದಾರೆ," ಎಂದ.

ಅಕ್ಕ ಇಲ್ಲವೆನ್ನಲಿಲ್ಲ. ಕುರ್ಚಿ ಎಳೆದು, "ಕೂತ್ಕೋ" ಎಂದಳು. ಅವನು ಕೂರಲಿಲ್ಲ.

"ಅಂಗಡಿ ಮುಳುಗ್ತಾ ಇತ್ತು ಕಣೋ. ಇಬ್ಬರೂ ಒಟ್ಟಿಗೆ ಮುಳುಗೋ ಬದಲು ಒಬ್ಬರಾದರೂ ಉಳೀಲಿ ಅನ್ನಿಸ್ತು. ಅವರಿಗೆ ಮಾತು ಬಿಟ್ಟು ಬೇರೇನು ಬರುತ್ತೆ ಹೇಳು? ನಿನಗೆ ಕೈ ಇದೆ. ನೀನು ಎಲ್ಲಿ ಬಿದ್ರೂ ಎದ್ದು ನಿಂತ್ಕೋತೀಯ ಅಂತ ನಂಗೆ ಗೊತ್ತಿತ್ತು."

"ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ."

"ಕೇಳಿದ್ರೆ ನೀನು ಕೊಡ್ತಿದ್ದೆ. ಕೊಟ್ಟು ಇಲ್ಲೇ ಕೌಂಟರಿನಲ್ಲಿ ಕೂತಿರ್ತಿದ್ದೆ. ಈಗ ನೋಡು, ಎಷ್ಟು ದೊಡ್ಡ ಮನುಷ್ಯ ಆಗಿದೀಯ. ಒಳ್ಳೇದೇ ಆಯ್ತಲ್ಲ?"

ಒಳ್ಳೆಯದೇ ಆಗಿತ್ತು. ಕೆಟ್ಟು ಕೂತಿದ್ದರೆ ಆ ಕೋಣೆಯ ನಡುವೆ ನಿಂತು ಕೂಗಾಡಬಹುದಿತ್ತು. ಗೆದ್ದು ಬಂದವನ ದೂರನ್ನು ಕೇಳುವವರು ಯಾರು? ಒಂಬತ್ತನೇ ವರ್ಷದಿಂದ ಅವನು ಲೋಕದಲ್ಲಿ ಒಬ್ಬರನ್ನು ಮಾತ್ರ ತೂಗಿ ನೋಡದೆ ನಂಬಿದ್ದ. ಅವಳು ಅವನನ್ನು ತೂಗಿ ನೋಡಿದ್ದಳು, ಇವನಾದರೆ ತಡೆಯುತ್ತಾನೆಂದು ಲೆಕ್ಕ ಹಾಕಿ ಕೈಬಿಟ್ಟಿದ್ದಳು.

"ಆ ವರ್ಷ ನನ್ನ ಮಗಳ ಫೀಸು ಕಟ್ಟೋಕೆ ಅಂತ ಲಾರಿ ತೊಳ್ದಿದೀನಿ ಅಕ್ಕ," ಎಂದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಅಕ್ಕ. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. "ನಾನೂ ಅತ್ತಿದೀನಿ."

ಅವನು ಕೆಳಗಿಳಿದು ಬಂದ. ಮಾರನೇ ದಿನ ಫ್ಲೆಕ್ಸು ಇಳಿಯಿತು. ಹಾಳೆಗಳನ್ನು ಭಾವ ಯಾರ ಕೈಯಲ್ಲೋ ಕಳಿಸಿಕೊಟ್ಟ. ಆರರಲ್ಲಿ ನಾಲ್ಕು ಮಾಲೆಗಳಿದ್ದವು, ಉಳಿದೆರಡು ಮನೆ ಕಟ್ಟುವಾಗ ಎಲ್ಲಿ ಹೋದವೋ ಗೊತ್ತಿಲ್ಲವೆಂಬ ಚೀಟಿ ಜೊತೆಗಿತ್ತು. ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅವನು ಎತ್ತುತ್ತಾನೆ. ಆರೋಗ್ಯ ಕೇಳುತ್ತಾನೆ, ತನ್ನದು ಹೇಳುತ್ತಾನೆ, ಇಡುತ್ತಾನೆ. "ಇಷ್ಟು ಕಲ್ಲು ಮನಸ್ಸು ಒಳ್ಳೇದಲ್ಲ," ಎಂದು ಹೆಂಡತಿ ಒಮ್ಮೆ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ನನಗಾಗಿದ್ರೆ ಫೋನೂ ಎತ್ತುತ್ತಿರ್ಲಿಲ್ಲ," ಎಂದಳು.

ಆ ವರ್ಷದ ಕೊನೆಗೆ ಆಸ್ಪತ್ರೆಯವರು ಅವನ ಕೈಕೆಳಗೆ ಇಬ್ಬರು ಕಲಿಯುವವರನ್ನು ನೇಮಿಸಿದರು. ಇಬ್ಬರೂ ಚುರುಕು, ಇಬ್ಬರೂ ವಿನಯವಂತರು. ಮೊದಲ ದಿನವೇ ಗೆರೆಯಣ್ಣ ಒಂದು ಒಪ್ಪಂದದ ಕಾಗದ ಮುಂದಿಟ್ಟ. ಇಲ್ಲಿ ಕಲಿತ ಬಣ್ಣದ ಮಿಶ್ರಣಗಳನ್ನು ಹೊರಗೆ ಬಳಸುವುದಿಲ್ಲ, ಪುಸ್ತಕಗಳ ಫೋಟೋ ತೆಗೆಯುವುದಿಲ್ಲ, ಅಪ್ಪಣೆಯಿಲ್ಲದೆ ಕಪಾಟು ತೆರೆಯುವುದಿಲ್ಲ ಎಂದು ಎಂಟು ಕಲಮುಗಳು. ವಕೀಲರಿಂದ ಬರೆಸಿ ತಂದಿದ್ದ. ಅವರಿಬ್ಬರೂ ಮುಖ ಮುಖ ನೋಡಿಕೊಂಡು ಸಹಿ ಹಾಕುತ್ತಿದ್ದಾಗ ಬಾಗಿಲಲ್ಲಿ ಮೇಡಂ ನಿಂತಿದ್ದರು. ಕಣ್ಣಿನ ತಪಾಸಣೆಗೆ ಬಂದವರು, ಹಳೆಯ ಕೋಣೆ ನೋಡಿ ಹೋಗೋಣವೆಂದು ಇಳಿದು ಬಂದಿದ್ದರು.

ಮೇಜಿನ ಮೇಲಿನ ಕಾಗದ ಎತ್ತಿಕೊಂಡು ಪೂರ್ತಿ ಓದಿದರು. ಕಪಾಟಿಗೆ ಹೊಸದಾಗಿ ಬಿದ್ದಿದ್ದ ಬೀಗವನ್ನೂ ನೋಡಿದರು. ಒಳಗಿದ್ದದ್ದು ಅವರದೇ ಮೂವತ್ತು ವರ್ಷದ ಪುಸ್ತಕಗಳು.

"ನಾನು ನಿಮ್ಮ ಹತ್ರ ಯಾವ ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ದೆ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ; ನಿಜವಾಗಿ ಮರೆತು ಕೇಳಿದ ಹಾಗಿತ್ತು.

ಗೆರೆಯಣ್ಣನ ಮುಖ ಹುಳ್ಳಗಾಯಿತು. "ಯಾವುದಕ್ಕೂ ಇಲ್ಲ ಮೇಡಂ."

"ಹೂಂ," ಎಂದರು. ಕಾಗದವನ್ನು ಇದ್ದಲ್ಲೇ ಇಟ್ಟು, ಗೋಡೆ ಹಿಡಿದುಕೊಂಡು ಕಾರಿಡಾರಿನ ಕಡೆ ಹೊರಟರು. ಅವನು ಅವರ ಜೊತೆ ಗೇಟಿನವರೆಗೂ ಹೋದ. ಅಕ್ಕನ ವಿಷಯ ಹೇಳಲೇ ಎಂದುಕೊಂಡ. ಹೇಳಿದರೆ ಅದು ನೆಪವಾಗುತ್ತದೆ ಅನ್ನಿಸಿತು. ಆಟೋದಲ್ಲಿ ಕೂರಿಸಿ, ಅವರ ಕೋಲನ್ನು ಒಳಗಿಟ್ಟು, ಕೈ ಮುಗಿದ. ಅವರೂ ಮುಗಿದರು.

ತಿರುಗಿ ಬಂದಾಗ ಕಲಿಯುವವರಿಬ್ಬರೂ ಕೈಕಟ್ಟಿ ನಿಂತಿದ್ದರು. ಒಬ್ಬಳು ಮೆಲ್ಲಗೆ ಕೇಳಿದಳು, "ಸಾರ್, ಕಾಗದ ಏನು ಮಾಡೋದು?"

ಅವನು ಕಪಾಟಿನ ಬೀಗ ಎಳೆದು ನೋಡಿದ. ಆಮೇಲೆ, "ಎರಡನೇ ಪುಟದಲ್ಲೂ ಸಹಿ ಹಾಕ್ಬೇಕು," ಎಂದು ಹೇಳಿ, ತೆರೆದ ಪೆನ್ನನ್ನು ಅವಳ ಕಡೆ ಚಾಚಿದ.